ಮುಂಬಯಿ ಬಂದರು ಸ್ಫೋಟ, 1944: ಕಾರಣದ ಸುತ್ತಲಿನ ಊಹಾಪೋಹ

1944ರ ಏಪ್ರಿಲ್ 14ರ ಶುಕ್ರವಾರ ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ, ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಲಂಗರು ಹಾಕಿದ್ದ 'ಫೋರ್ಟ್ ಸ್ಟಿಕಿನ್' ಎಂಬ ಸರಕು ಹಡಗು ಅರ್ಧ ಗಂಟೆಯ ಅಂತರದಲ್ಲಿ ಎರಡು ಬಾರಿ ಸಿಡಿದು, ಬಂದರನ್ನೂ ಅದಕ್ಕೆ ತಾಗಿದ್ದ ಪೇಟೆಯನ್ನೂ ಹಾಳುಗೆಡವಿದ ಅವಘಡಕ್ಕೆ ಮುಂಬಯಿ ಬಂದರು ಸ್ಫೋಟ ಎಂಬ ಹೆಸರು ನಿಂತಿದೆ. ಸತ್ತವರ ಸಂಖ್ಯೆಯನ್ನು 800ರಿಂದ 1,300ರವರೆಗೆ ಲೆಕ್ಕ ಹಾಕಲಾಗಿದ್ದು, ಮನೆ ಕಳೆದುಕೊಂಡವರು ಸುಮಾರು 80,000. ಈ ಅವಘಡಕ್ಕೆ ಎರಡು ಚರಿತ್ರೆಗಳಿವೆ. ಒಂದು ಹಡಗಿನೊಳಗೆ ನಡೆದದ್ದರ ಚರಿತ್ರೆ, ಇನ್ನೊಂದು ಹೊರಗಿದ್ದ ಜನರು ಅದರ ಕಾರಣವನ್ನು ಊಹಿಸಿದ ಬಗೆಯ ಚರಿತ್ರೆ. ಎರಡನೆಯದಕ್ಕೆ ಮೊದಲನೆಯದರಷ್ಟು ಗಮನ ಸಂದಿಲ್ಲ. ಆದರೆ ಲೋಕದ ಬೇರೆ ಬಂದರುಗಳಲ್ಲಿ ಹಿಂದೆಯೂ ಮುಂದೆಯೂ ಕಾಣಿಸಿಕೊಂಡ ಒಂದು ರೂಢಿ ಇದರಲ್ಲಿ ಬಹಳ ಸ್ಪಷ್ಟವಾಗಿ ಕಾಣುವುದರಿಂದ, ಪ್ರಸ್ತುತ ಲೇಖನ ಮುಖ್ಯವಾಗಿ ಅದನ್ನೇ ಹಿಂಬಾಲಿಸುತ್ತದೆ.

ಊಹಾಪೋಹ ಎಂಬ ಪದ ಇಂದು ಗಾಳಿಸುದ್ದಿ, ಆಧಾರವಿಲ್ಲದ ಮಾತು ಎಂಬ ಅರ್ಥದಲ್ಲಿ ಸವೆದುಹೋಗಿದೆ. ಮೂಲದಲ್ಲಿ ಅದು ಊಹ ಮತ್ತು ಅಪೋಹ ಎಂಬ ಎರಡು ಪದಗಳ ಜೋಡಿ. ಊಹ ಎಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ಮುಂದಿಡುವುದು, ಅಪೋಹ ಎಂದರೆ ಹಾಗೆ ಮುಂದಿಟ್ಟದ್ದರಲ್ಲಿ ನಿಲ್ಲದ್ದನ್ನು ತಳ್ಳಿಹಾಕುವುದು. ದೊಡ್ಡ ಸ್ಫೋಟವೊಂದರ ನಂತರ ಊಹದ ಕೆಲಸವನ್ನು ಜನರು ಆ ಕ್ಷಣದಲ್ಲೇ ಮಾಡಿ ಮುಗಿಸುತ್ತಾರೆ. ಅಪೋಹದ ಕೆಲಸ ಮಾತ್ರ ವಿಚಾರಣಾ ಮಂಡಳಿಗಳ, ವಿಜ್ಞಾನಿಗಳ ಪಾಲಿಗೆ ಬಂದು ತಿಂಗಳುಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ ನಡೆಯುತ್ತದೆ. ಈ ಎರಡರ ನಡುವಿನ ಅವಧಿಯಲ್ಲಿಯೇ ವದಂತಿ ಬೆಳೆಯುವುದು.

ಹಡಗು ಮತ್ತು ಅದರ ಸರಕು

ಫೋರ್ಟ್ ಸ್ಟಿಕಿನ್ 1942ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಪ್ರಿನ್ಸ್ ರೂಪರ್ಟ್‌ನಲ್ಲಿ ಕಟ್ಟಿದ, 7,142 ಟನ್ನಿನ ಹಡಗು. ಅದು 1944ರ ಫೆಬ್ರವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟು, ಕರಾಚಿಯಲ್ಲಿ ತಂಗಿ, ಏಪ್ರಿಲ್ 12ರಂದು ಮುಂಬಯಿಗೆ ತಲುಪಿತು. ಹೊರಡುವಾಗಲೇ ಅದರಲ್ಲಿ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಗುಂಡು, ಟಾರ್ಪೆಡೊ, ನೆಲಬಾಂಬುಗಳ ಈ ರಾಶಿಯಲ್ಲಿ 238 ಟನ್ 'ಎ' ವರ್ಗದ್ದು, ಅಂದರೆ ಸಣ್ಣ ಶಾಖಕ್ಕೂ ಬಡಿತಕ್ಕೂ ಸಿಡಿಯಬಲ್ಲ ಅತಿಸೂಕ್ಷ್ಮ ಮದ್ದು. ಅದರ ಜೊತೆಗೆ ಬಿಚ್ಚಿಟ್ಟ ಯುದ್ಧವಿಮಾನಗಳೂ, ಮರದ ಪೆಟ್ಟಿಗೆಗಳಲ್ಲಿ ಭದ್ರಪಡಿಸಿದ ಚಿನ್ನದ ಗಟ್ಟಿಗಳೂ ಇದ್ದವು. ಕರಾಚಿಯಲ್ಲಿ ಸ್ವಲ್ಪ ಸಾಮಾನು ಇಳಿಸಿ ತೆರವಾದ ಜಾಗಕ್ಕೆ ಸಾವಿರಾರು ಹತ್ತಿಯ ಬೇಲುಗಳನ್ನು, ಎಂದರೆ ಯಂತ್ರದಲ್ಲಿ ಒತ್ತಿ ಪಟ್ಟಿ ಬಿಗಿದ ಮೂಟೆಗಳನ್ನು ತುಂಬಲಾಯಿತು. ಕೀಲೆಣ್ಣೆಯ ಪೀಪಾಯಿ, ಗುಜರಿ ಕಬ್ಬಿಣ, ಅಕ್ಕಿ, ರಾಳ, ಮೀನಿನ ಗೊಬ್ಬರಗಳೂ ಹತ್ತಿದವು. ಕಪ್ತಾನ ಅಲೆಕ್ಸಾಂಡರ್ ಜೇಮ್ಸ್ ನೈಸ್ಮಿತ್ ಈ ಮಿಶ್ರಣಕ್ಕೆ ತನ್ನ ಆಕ್ಷೇಪವನ್ನು ದಾಖಲಿಸಿದ್ದ. ಯುದ್ಧಕಾಲದಲ್ಲಿ ಹಡಗಿನೊಳಗಿನ ಒಂದೊಂದು ಮೊಳ ಜಾಗಕ್ಕೂ ಬೆಲೆ ಇದ್ದುದರಿಂದ ಆ ಆಕ್ಷೇಪ ಕಾಗದದಲ್ಲೇ ಉಳಿಯಿತು.

ಶಾಂತಿಕಾಲದ ನಿಯಮದಂತೆ ಮದ್ದು ತುಂಬಿದ ಹಡಗು ಗೋದಿಯ ಒಳಗೆ ಬರುವಂತಿರಲಿಲ್ಲ. ಗೋದಿ ಎಂದರೆ ಬಾಗಿಲು ಹಾಕಿ ನೀರಿನ ಮಟ್ಟ ಕಾಯ್ದುಕೊಳ್ಳುವ ಕಟ್ಟಡದ ಬಂದರು. ಮುಂಬಯಿಯ ಕಾರ್ಮಿಕರ ಬಾಯಲ್ಲಿ ಡಾಕ್‌ಗೆ ಇದೇ ಹೆಸರು. ಅಂಥ ಹಡಗು ಹೊರಗೇ ನಿಂತು ದೋಣಿಗಳಿಗೆ ಸರಕನ್ನು ಇಳಿಸಬೇಕಾಗಿತ್ತು, ಅಪಾಯ ಸೂಚಿಸುವ ಕೆಂಪು ಬಾವುಟವನ್ನೂ ಏರಿಸಬೇಕಾಗಿತ್ತು. ಯುದ್ಧದ ಅವಸರದಲ್ಲಿ ಮೊದಲನೆಯ ನಿಯಮ ಸಡಿಲಗೊಂಡಿತ್ತು, ಎರಡನೆಯದು ಪಾಲನೆಯಾಗಲಿಲ್ಲ. ಹೀಗಾಗಿ ಎರಡು ದಿನ ಆ ಹಡಗಿನ ಪಕ್ಕದಲ್ಲಿ ಓಡಾಡಿದ ಸಾವಿರಾರು ಜನರಿಗೆ ಅದು ಎಲ್ಲ ಹಡಗುಗಳಂಥದ್ದೇ ಒಂದು ಹಡಗಾಗಿ ಕಂಡಿತು. ಸ್ಫೋಟದ ನಂತರದ ಊಹೆಗಳ ಬಗ್ಗೆ ಯೋಚಿಸುವಾಗ ಈ ಅಂಶವನ್ನು ಮರೆಯಬಾರದು. ಹಡಗಿನ ಹೊಟ್ಟೆಯಲ್ಲಿ ಮದ್ದಿದೆ ಎಂದೇ ತಿಳಿಯದವರು, ಬೆಂಕಿಗೆ ಕಾರಣವನ್ನು ಹಡಗಿನ ಹೊರಗೆ ಹುಡುಕಿದ್ದು ಸಹಜ.

14ರ ಮಧ್ಯಾಹ್ನ ಊಟದ ಬಿಡುವು ಮುಗಿದು ಕೂಲಿಯವರು ಎರಡನೆಯ ನಂಬರಿನ ಉಗ್ರಾಣಕ್ಕೆ ಇಳಿದಾಗ, ಸುಮಾರು ಎರಡು ಗಂಟೆಗೆ, ಹತ್ತಿಯ ಬೇಲುಗಳ ಸಂದಿಯಿಂದ ಹೊಗೆ ಬರುತ್ತಿರುವುದು ಕಂಡುಬಂತು. ಅಕ್ಕಪಕ್ಕದ ಹಡಗಿನವರಲ್ಲಿ ಕೆಲವರ ಕಣ್ಣಿಗೆ ಆ ಹೊಗೆ ಅದಕ್ಕಿಂತ ಮೊದಲೇ ಬಿದ್ದಿತ್ತಾದರೂ ಯಾರೂ ಕೂಗು ಹಾಕಿರಲಿಲ್ಲ. ಅಗ್ನಿಶಾಮಕ ದಳ 900 ಟನ್ನಿಗೂ ಹೆಚ್ಚು ನೀರನ್ನು ಆ ಉಗ್ರಾಣಕ್ಕೆ ಸುರಿಯಿತು. ಒತ್ತಿ ಕಟ್ಟಿದ ಹತ್ತಿಯ ಬೆಂಕಿಯನ್ನು ಕಂಡವರಿಗೆ ಗೊತ್ತಿರುವಂತೆ ಅದು ಜ್ವಾಲೆ ಎಬ್ಬಿಸದೆ ಒಳಗೊಳಗೇ ಕನಲುತ್ತದೆ; ಮೇಲೆ ಹರಿದ ನೀರು ಒಳಗಿನ ಕೆಂಡವನ್ನು ಮುಟ್ಟುವುದಿಲ್ಲ. ಸುರಿದ ನೀರು ಉಗ್ರಾಣದಲ್ಲಿ ಏರುತ್ತ ಹೋದಂತೆ ಕನಲುತ್ತಿದ್ದ ಬೇಲುಗಳು ತೇಲಿ, ಮೇಲಿನ ಅಂತಸ್ತಿನಲ್ಲಿದ್ದ ಮದ್ದಿಗೆ ಹತ್ತಿರವಾದವು. ಹೊರಗಿನ ಉಕ್ಕಿನ ತಗಡು ಕಾದು ಬಣ್ಣ ಗುಳ್ಳೆಯೆದ್ದಿತು, ಒಳಗಿನ ನೀರು ಕುದಿಯತೊಡಗಿತು. ದಕ್ಕೆಯ ಮೇಲೆ ನಿಂತ ಅಧಿಕಾರಿಗಳಲ್ಲಿ ಒಬ್ಬರು ಹಡಗನ್ನು ಅಲ್ಲೇ ಮುಳುಗಿಸಿಬಿಡಬೇಕೆಂದರೆ, ಇನ್ನೊಬ್ಬರು ಹೊರಗಿನ ಕಡಲಿಗೆ ಎಳೆದೊಯ್ಯಬೇಕೆಂದರು, ಮತ್ತೊಬ್ಬರು ನೀರು ಹೊಡೆಯುವುದನ್ನು ಮುಂದುವರಿಸಬೇಕೆಂದರು. ಸೈನ್ಯ, ಬಂದರು, ಅಗ್ನಿಶಾಮಕ, ಹಡಗು ಎಂದು ನಾಲ್ಕು ಅಧಿಕಾರಗಳಿದ್ದು, ನಾಲ್ಕರ ಮೇಲೂ ಮಾತು ನಡೆಯುವ ಒಬ್ಬ ಮನುಷ್ಯ ಅಲ್ಲಿರಲಿಲ್ಲ. 3.50ಕ್ಕೆ ಹಡಗು ಬಿಡುವ ಆಜ್ಞೆಯಾಯಿತು. 4.06ಕ್ಕೆ ಹಡಗು ಸಿಡಿದು ಎರಡು ತುಂಡಾಯಿತು.

ಹನ್ನೆರಡು ಕಿಲೋಮೀಟರ್ ದೂರದ ಮನೆಗಳ ಕಿಟಕಿ ಗಾಜುಗಳು ಒಡೆದವು. ಹತ್ತಿರದಲ್ಲಿದ್ದ 'ಜಲಪದ್ಮ' ಎಂಬ ಸುಮಾರು ನಾಲ್ಕು ಸಾವಿರ ಟನ್ನಿನ ಹಡಗು ಎದ್ದು ದಕ್ಕೆಯ ಶೆಡ್ಡಿನ ಮೇಲೆ ಬಿತ್ತು. ಹದಿಮೂರು ಹಡಗುಗಳು ಉಪಯೋಗಕ್ಕಿಲ್ಲದಂತಾದವು. ಉರಿಯುವ ಹತ್ತಿ ಆಕಾಶದಿಂದ ಮಳೆಯಂತೆ ಸುರಿದು ಮಾಂಡವಿ, ಮಸ್ಜಿದ್ ಬಂದರ್ ಕಡೆಯ ಮರದ ಮನೆಗಳಿಗೂ ಗೋದಾಮುಗಳಿಗೂ ಬೆಂಕಿ ಹಚ್ಚಿತು. ಮೊದಲ ಸ್ಫೋಟದ ಹೊತ್ತಿಗೆ ಹಡಗನ್ನು ಬಿಡದೆ ಹೋರಾಡುತ್ತಿದ್ದ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ದೇಶದ ಎಲ್ಲ ಅಗ್ನಿಶಾಮಕ ಠಾಣೆಗಳಲ್ಲಿ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಆಚರಿಸುವ ಅಗ್ನಿಶಾಮಕ ಸೇವಾ ಸಪ್ತಾಹ ಇವರ ನೆನಪಿನದು. ಮುಂದೆ ಸುಮಾರು 8,000 ಜನ ಏಳು ತಿಂಗಳು ದುಡಿದು ಐದು ಲಕ್ಷ ಟನ್ ಅವಶೇಷ ತೆಗೆದ ಮೇಲೆ ಗೋದಿಗಳು ಮತ್ತೆ ಕೆಲಸಕ್ಕೆ ಬಂದವು.

ಜನರ ಊಹೆಗಳು

ಮುಂಬಯಿಯ ಜನರಿಗೆ ಮೊದಲು ಹೊಳೆದದ್ದು ಜಪಾನ್. ಇದನ್ನು ಬರಿಯ ಗಾಬರಿ ಎಂದು ತಳ್ಳಿಹಾಕುವುದು ಅನ್ಯಾಯ. 1942ರ ಏಪ್ರಿಲ್ 6ರಂದು ಜಪಾನೀ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದ್ದವು. ಆ ವರ್ಷದ ಕೊನೆಯಲ್ಲಿ ಕಲ್ಕತ್ತೆಯ ಮೇಲೂ, 1943ರ ಡಿಸೆಂಬರ್ 5ರಂದು ಅಲ್ಲಿನ ಕಿದರ್‌ಪುರ ಡಾಕ್‌ನ ಮೇಲೂ ದಾಳಿ ನಡೆದಿತ್ತು. ಡಾಕ್ ಒಂದು ಬಾಂಬಿಗೆ ಸಿಕ್ಕಿ ಇನ್ನೂ ಐದು ತಿಂಗಳಾಗಿರಲಿಲ್ಲ. ಏಪ್ರಿಲ್ 1944ರಲ್ಲಿ ಕೊಹಿಮಾ ಮತ್ತು ಇಂಫಾಲದ ಸುತ್ತ ಕದನ ನಡೆಯುತ್ತಿತ್ತು. ಸ್ಫೋಟ ಸಂಭವಿಸಿದ ಏಪ್ರಿಲ್ 14ರಂದೇ, ಮಣಿಪುರದ ಮೊಯಿರಾಂಗ್‌ನಲ್ಲಿ ಆಜಾದ್ ಹಿಂದ್ ಫೌಜಿನವರು ತ್ರಿವರ್ಣ ಧ್ವಜವನ್ನು ಏರಿಸಿದರು. ಈ ಎರಡು ಘಟನೆಗಳು ಒಂದೇ ದಿನ ನಡೆದದ್ದು ಬರಿಯ ಕಾಕತಾಳೀಯ. ಆದರೆ ಕಾಕತಾಳೀಯಗಳನ್ನು ಒಂದು ದಾರದಲ್ಲಿ ಪೋಣಿಸುವುದೇ ವದಂತಿಯ ಕಸುಬು. ವಿಮಾನದ ಸದ್ದು ಕೇಳದಿದ್ದರೂ, ದಾಳಿಯ ಸೈರನ್ ಮೊಳಗದಿದ್ದರೂ, ಮೇಲಿನಿಂದ ಉರಿಯುವ ವಸ್ತುಗಳು ಬೀಳುತ್ತಿರುವುದನ್ನು ಕಣ್ಣಾರೆ ಕಂಡವರಿಗೆ ಅದು ಆಕಾಶದಿಂದ ಬಂದ ದಾಳಿ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಊಹೆ ವಿಧ್ವಂಸಕ ಕೃತ್ಯ, ಅಂದರೆ ಒಳಗಿನ ಕೈ. ಇದರಲ್ಲಿ ಸರ್ಕಾರದ ಭಯ ಮತ್ತು ಜನರ ಭಯ ಬೇರೆ ಬೇರೆ ದಿಕ್ಕಿನವು. 1942ರ ಚಲೇಜಾವ್ ಚಳುವಳಿಯ ನಂತರ ತಂತಿ ಕತ್ತರಿಸುವುದು, ಅಂಚೆ ಕಚೇರಿ ಸುಡುವುದು, ರೈಲುನಿಲ್ದಾಣಕ್ಕೆ ಬೆಂಕಿ ಇಡುವುದು ಮುಂಬಯಿ ಪ್ರಾಂತದ ಉದ್ದಕ್ಕೂ ನಡೆದಿತ್ತು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಆ ಪ್ರಾಂತಕ್ಕೆ ಸೇರಿದ್ದು, ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾಗಿ ಸ್ಫೋಟದ ಹೊತ್ತಿಗೆ ಒಂದು ವರ್ಷ ಕಳೆದಿತ್ತಷ್ಟೆ. ಆದ್ದರಿಂದ ಅಧಿಕಾರಿಗಳ ಸಂಶಯ ಭೂಗತ ರಾಷ್ಟ್ರೀಯವಾದಿಗಳತ್ತಲೂ ಶತ್ರುದೇಶದ ಗೂಢಚಾರರತ್ತಲೂ ತಿರುಗಿತು. ಜನರಲ್ಲಿ ಹಲವರ ಸಂಶಯವಾದರೋ ಸರ್ಕಾರ ಏನನ್ನೋ ಮುಚ್ಚಿಡುತ್ತಿದೆ ಎಂಬತ್ತ ಹೊರಳಿತು.

ಮುಚ್ಚಿಟ್ಟದ್ದು ನಿಜವೇ ಆಗಿತ್ತು. ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದು, ಸ್ಫೋಟದ ವಿವರವಾದ ವರದಿಗಳಿಗೆ ಮೇ ತಿಂಗಳ ಎರಡನೆಯ ವಾರದವರೆಗೆ ಅನುಮತಿ ಸಿಗಲಿಲ್ಲ. ಛಾಯಾಗ್ರಾಹಕ ಸುಧೀಶ್ ಘಟಕ್ ತೆಗೆದ ಚಲನಚಿತ್ರದ ಸುರುಳಿಯನ್ನು ಸೈನ್ಯಾಧಿಕಾರಿಗಳು ವಶಪಡಿಸಿಕೊಂಡರು. ಜಪಾನಿನ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ಮಾತ್ರ ಮರುದಿನವೇ, ಏಪ್ರಿಲ್ 15ರಂದು, ಸ್ಫೋಟದ ಸುದ್ದಿಯನ್ನು ವಿವರವಾಗಿ ಬಿತ್ತರಿಸಿತು. ಊರಿನವರು ತಮ್ಮ ಊರಿನ ಸುದ್ದಿಯನ್ನು ಶತ್ರುವಿನ ರೇಡಿಯೊದಿಂದ ಕೇಳಬೇಕಾದ ಸ್ಥಿತಿಯಲ್ಲಿ, ಶತ್ರುವಿಗೆ ಇಷ್ಟು ಬೇಗ ಹೇಗೆ ತಿಳಿಯಿತು ಎಂಬ ಪ್ರಶ್ನೆಯೇ ಶತ್ರುವಿನ ಕೈವಾಡಕ್ಕೆ ಪುರಾವೆಯಾಗಿಬಿಡುತ್ತದೆ. ಭೂಕಂಪಮಾಪಕಗಳು, ಎಂದರೆ ನೆಲದ ನಡುಕವನ್ನು ಗೆರೆಯಾಗಿ ಬರೆಯುವ ಯಂತ್ರಗಳು, ಮುಂಬಯಿಯ ಕೊಲಾಬಾದಲ್ಲಿಯೂ 1,700 ಕಿಲೋಮೀಟರ್ ದೂರದ ಸಿಮ್ಲಾದಲ್ಲಿಯೂ ಈ ಸ್ಫೋಟವನ್ನು ದಾಖಲಿಸಿದ್ದವು. ಅಷ್ಟು ದೂರದ ಯಂತ್ರಕ್ಕೂ ತಿಳಿದದ್ದನ್ನು ನಗರದ ಪತ್ರಿಕೆ ಅಚ್ಚು ಹಾಕುವಂತಿರಲಿಲ್ಲ ಎಂಬುದು ಸೆನ್ಸಾರಿನ ಮೂರ್ಖತನಕ್ಕೆ ಒಳ್ಳೆಯ ನಿದರ್ಶನ.

ಮೂರನೆಯ ಊಹೆ ಚಿನ್ನದ್ದು. ಹಡಗಿನಲ್ಲಿ 31 ಪೆಟ್ಟಿಗೆಗಳಲ್ಲಿದ್ದ ಚಿನ್ನದ ಗಟ್ಟಿಗಳ ಬೆಲೆ ಆಗಿನ ಲೆಕ್ಕದಲ್ಲಿ ಸುಮಾರು ಎಂಟು ಲಕ್ಷ ತೊಂಬತ್ತು ಸಾವಿರ ಪೌಂಡು. ಸ್ಫೋಟದಲ್ಲಿ ಸಿಡಿದ ಗಟ್ಟಿಯೊಂದು ದೂರದ ಪಾರ್ಸಿ ಗೃಹಸ್ಥರೊಬ್ಬರ ಮನೆಯ ಛಾವಣಿ ತೂರಿ ಒಳಗೆ ಬಿದ್ದದ್ದು ನಿಜ. ಈ ಒಂದು ನಿಜಕ್ಕೆ ಎಷ್ಟೋ ಕಥೆಗಳು ಜೋತುಬಿದ್ದವು. ಗಟ್ಟಿಗಳಲ್ಲಿ ಹೆಚ್ಚಿನವು ಹೂಳೆತ್ತುವಾಗ ಸಿಕ್ಕಿ ಬ್ರಿಟಿಷ್ ಸರ್ಕಾರಕ್ಕೆ ಮರಳಿದವು. ಇವುಗಳ ಶೋಧ 2011ರವರೆಗೂ ನಡೆದಿತ್ತು, ಅದೇ ವರ್ಷ ಸಿಡಿಯದೆ ಉಳಿದಿದ್ದ ಸುಮಾರು 45 ಕಿಲೋ ತೂಕದ ಗುಂಡೊಂದು ಸಿಕ್ಕಿ ನೌಕಾಪಡೆ ಅದನ್ನು ನಿಷ್ಕ್ರಿಯಗೊಳಿಸಿತು.

ದಕ್ಷಿಣ ಕನ್ನಡದ ಮಟ್ಟಿಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲೇ ಮುಂಬಯಿಯಲ್ಲಿ ಹುಟ್ಟಿತ್ತು; 1942ರಲ್ಲಿ ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭವಾಗಿತ್ತು; ತುಳು ಕನ್ನಡಿಗ ಹುಡುಗರು ಮಂಗಳೂರಿನಿಂದ ಮಂಜಿ ಅಥವಾ ಸ್ಟೀಮರು ಹತ್ತಿ ಮುಂಬಯಿಗೆ ಹೋಗಿ, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿಶಾಲೆಗಳಲ್ಲಿ ಓದುತ್ತಿದ್ದ ಕಾಲ ಅದು. ಘಟ್ಟದ ಬುಡದ ಜಾಲ್ಸೂರು, ಸುಳ್ಯದಂಥ ಊರುಗಳು ಆಗ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲೂಕಿಗೆ ಸೇರಿದ್ದವು. ಆಡಳಿತದ ಲೆಕ್ಕದಲ್ಲಿ ಮುಂಬಯಿ ಬೇರೊಂದು ಪ್ರಾಂತ. ಹೊಟ್ಟೆಪಾಡಿನ ಲೆಕ್ಕದಲ್ಲಿ ಅದು ಜಿಲ್ಲೆಯ ಇನ್ನೊಂದು ಪೇಟೆ. ಪತ್ರಿಕೆಗಳು ಸುಮ್ಮನಿದ್ದ ಆ ನಾಲ್ಕು ವಾರಗಳಲ್ಲಿ ಕರಾವಳಿಯ ಮನೆಗಳಿಗೆ ಸುದ್ದಿ ತಲುಪಲು ಉಳಿದ ದಾರಿ ಅಂಚೆ ಕಾರ್ಡು ಮತ್ತು ಊರಿಗೆ ಮರಳಿದವರ ಬಾಯಿಮಾತು ಮಾತ್ರ.

ವಿಚಾರಣೆ ಹೇಳಿದ್ದು

ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸರ್ ಲಿಯೊನಾರ್ಡ್ ಸ್ಟೋನ್ ಅವರ ಅಧ್ಯಕ್ಷತೆಯ ಆಯೋಗ ವಿಧ್ವಂಸಕ ಕೃತ್ಯದ ಊಹೆಯನ್ನು ಒಪ್ಪಲಿಲ್ಲ. ಹತ್ತಿಗೆ ಬೆಂಕಿ ತಗಲಿದ್ದು ಬಹುಮಟ್ಟಿಗೆ ಉಗ್ರಾಣದಲ್ಲಿ ಯಾರೋ ಸೇದಿ ಬಿಸಾಡಿದ ಬೀಡಿ ಸಿಗರೇಟಿನ ತುಂಡಿನಿಂದ ಎಂಬ ಅಭಿಪ್ರಾಯ ನೆಲೆಯೂರಿತು. ಇಷ್ಟು ದೊಡ್ಡ ಅನಾಹುತಕ್ಕೆ ಇಷ್ಟು ಸಣ್ಣ ಕಾರಣವೇ ಎಂದು ಜನರು ಕೇಳಿದರೆ ಅದು ತಪ್ಪಲ್ಲ. ಫಲ ದೊಡ್ಡದಾದಾಗ ಕಾರಣವೂ ದೊಡ್ಡದಿರಬೇಕೆಂದು ಮನಸ್ಸು ಬಯಸುತ್ತದೆ, ಸಾವಿರ ಜನರ ಸಾವನ್ನು ಬೀಡಿಯ ತುಂಡಿಗೆ ಕಟ್ಟಲು ಅದು ಒಪ್ಪುವುದಿಲ್ಲ.

ವಾಸ್ತವದಲ್ಲಿ ವಿಚಾರಣೆಯ ತೂಕ ಬಿದ್ದದ್ದು ಬೀಡಿಯ ಮೇಲಲ್ಲ. ಹತ್ತಿಯನ್ನು ಮದ್ದಿನ ಕೆಳಗೆ ಪೇರಿಸಿದ್ದು, ಸ್ಫೋಟಕದ ಹಡಗನ್ನು ಜನನಿಬಿಡ ಗೋದಿಯೊಳಗೆ ತಂದು ತುರ್ತಾಗಿ ಖಾಲಿ ಮಾಡದೆ ಇಟ್ಟದ್ದು, ಬೆಂಕಿ ಕಂಡ ಮೇಲಿನ ಎರಡು ಗಂಟೆಗಳಲ್ಲಿ ಒಬ್ಬನೇ ಒಬ್ಬ ಅಧಿಕಾರಿಯೂ ನಿರ್ಧಾರದ ಹೊಣೆ ಹೊರದಿದ್ದದ್ದು, ಇವೇ ಬೆಂಕಿಯನ್ನು ದುರಂತವನ್ನಾಗಿ ಮಾಡಿದ ಅಂಶಗಳು. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕಾಗುತ್ತದೆ: ಕಿಡಿ ಎಲ್ಲಿಂದ ಬಂತು ಎಂಬುದು ಒಂದು, ಕಿಡಿಯ ಪಕ್ಕದಲ್ಲಿ ಮದ್ದು ಏಕಿತ್ತು ಎಂಬುದು ಇನ್ನೊಂದು. ಜನರ ಊಹೆ ಯಾವಾಗಲೂ ಮೊದಲನೆಯ ಪ್ರಶ್ನೆಯ ಬೆನ್ನು ಹತ್ತುತ್ತದೆ, ಏಕೆಂದರೆ ಅದಕ್ಕೆ ಉತ್ತರವಾಗಿ ಒಬ್ಬ ಮನುಷ್ಯ ಸಿಗುತ್ತಾನೆ. ಎರಡನೆಯದಕ್ಕೆ ಸಿಗುವುದು ಸರಕಿನ ಪಟ್ಟಿ, ಸಡಿಲಿಸಿದ ನಿಯಮ, ಸಹಿ ಹಾಕದ ಕಡತ. ಅಧಿಕಾರಸ್ಥರಿಗೂ ಮೊದಲನೆಯ ಪ್ರಶ್ನೆಯೇ ಅನುಕೂಲವೆಂಬುದನ್ನು ಇಲ್ಲಿ ಸೇರಿಸಬೇಕು. ಬೆಂಕಿಗೆ ಕಾರಣ ಗೂಢಚಾರನಾಗಲಿ ಅನಾಮಧೇಯ ಕೂಲಿಯಾಗಲಿ, ಕಚೇರಿಗಳು ಎರಡು ಸಂದರ್ಭದಲ್ಲಿಯೂ ಪಾರಾಗುತ್ತವೆ.

ಕಾರಣ ಯಾವುದೆಂಬುದು ಬರಿಯ ಕುತೂಹಲದ ಮಾತಾಗಿರಲಿಲ್ಲ. ಮಾಂಡವಿಯ ಗೋದಾಮುಗಳಲ್ಲಿ ಧಾನ್ಯ, ಬಟ್ಟೆ, ಹತ್ತಿ ಕಳೆದುಕೊಂಡ ವರ್ತಕರ ಪಾಲಿಗೆ ಬೆಂಕಿ ವಿಮೆ ಮತ್ತು ಯುದ್ಧನಷ್ಟದ ವಿಮೆ ಎಂಬ ಎರಡು ಬೇರೆ ವ್ಯವಸ್ಥೆಗಳಿದ್ದವು. ಶತ್ರುವಿನ ಕೃತ್ಯವಾದರೆ ಒಂದು, ಅಪಘಾತವಾದರೆ ಇನ್ನೊಂದು, ಮದ್ದಿನ ಸ್ಫೋಟವಾದರೆ ಎರಡೂ ಕೈಬಿಡುವ ಸಂಭವ. ಈ ಗೊಂದಲವನ್ನು ಬಗೆಹರಿಸಲು ಸರ್ಕಾರ 1944ರಲ್ಲೇ ಮುಂಬಯಿ ಸ್ಫೋಟ ಪರಿಹಾರದ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು.

ಬೇರೆ ಬಂದರುಗಳಲ್ಲಿ

ಇದೇ ಬಗೆಯ ಊಹೆ ಬೇರೆಡೆ ಯುದ್ಧವನ್ನೇ ತಂದದ್ದಿದೆ. 1898ರ ಫೆಬ್ರವರಿ 15ರಂದು ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ 'ಮೇಯ್ನ್' ಯುದ್ಧನೌಕೆ ಸಿಡಿದು 260ಕ್ಕೂ ಹೆಚ್ಚು ನಾವಿಕರು ಸತ್ತಾಗ, ಪತ್ರಿಕೆಗಳು ಸ್ಪೇನನ್ನು ದೂರಿದವು, ಎರಡು ತಿಂಗಳಲ್ಲಿ ಎರಡು ದೇಶಗಳ ನಡುವೆ ಯುದ್ಧ ಶುರುವಾಯಿತು. 1976ರಲ್ಲಿ ಅಡ್ಮಿರಲ್ ರಿಕೋವರ್ ನೇತೃತ್ವದ ಅಧ್ಯಯನ, ನೌಕೆಯ ಕಲ್ಲಿದ್ದಲ ಕೋಣೆಯಲ್ಲಿ ತಾನಾಗಿ ಹತ್ತಿದ ಬೆಂಕಿ ಪಕ್ಕದ ಮದ್ದಿನ ಕೋಣೆಗೆ ತಾಗಿರಬೇಕೆಂದು ಅಭಿಪ್ರಾಯಪಟ್ಟಿತು. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ 'ಮೋಂ ಬ್ಲಾಂ' ಎಂಬ ಮದ್ದಿನ ಹಡಗಿಗೆ 'ಇಮೊ' ಎಂಬ ಹಡಗು ಡಿಕ್ಕಿ ಹೊಡೆದು ಸುಮಾರು 1,800 ಜನ ಸತ್ತರು. ಕಾರಣ ಎಲ್ಲರ ಕಣ್ಣೆದುರೇ ನಡೆದ ಡಿಕ್ಕಿಯಾಗಿದ್ದರೂ, ಜರ್ಮನ್ ಮೂಲದವರನ್ನು ಹಿಡಿದು ಕೂಡಿಹಾಕಲಾಯಿತು. ಬದುಕುಳಿದ ಇಮೊದ ಚುಕ್ಕಾಣಿಗನನ್ನು ಗೂಢಚಾರನೆಂದು ಬಂಧಿಸಿ ಆಮೇಲೆ ಬಿಡಬೇಕಾಯಿತು.

ಊಹೆ ಸರಿಯಾದ ಉದಾಹರಣೆಗಳೂ ಇವೆ. 1916ರ ಜುಲೈ 30ರಂದು ನ್ಯೂಯಾರ್ಕ್ ಬಂದರಿನ ಬ್ಲ್ಯಾಕ್ ಟಾಮ್ ದಕ್ಕೆಯಲ್ಲಿ ಮದ್ದಿನ ರಾಶಿ ಸಿಡಿದಾಗ, ಸೊಳ್ಳೆ ಓಡಿಸಲು ಕಾವಲುಗಾರರು ಹಾಕಿದ ಹೊಗೆಕುಂಡವೇ ಕಾರಣವೆಂದು ಆರಂಭದಲ್ಲಿ ತಿಳಿಯಲಾಗಿತ್ತು. ಜರ್ಮನ್ ಗೂಢಚಾರರ ಕೈವಾಡವೆಂಬುದು 1939ರಲ್ಲಿ ಅಂತಾರಾಷ್ಟ್ರೀಯ ಆಯೋಗದ ಎದುರು ಸಾಬೀತಾಯಿತು. ಇನ್ನೂ ಹತ್ತಿರದ ಉದಾಹರಣೆ ಕಾರವಾರಕ್ಕೆ ತಾಗಿದ ಗೋವೆಯದು. 1943ರ ಮಾರ್ಚ್‌ನ ಒಂದು ರಾತ್ರಿ ಮುರ್ಮುಗೋವಾ ಬಂದರಿನಲ್ಲಿ ತಂಗಿದ್ದ 'ಎಹ್ರೆನ್‌ಫೆಲ್ಸ್' ಎಂಬ ಜರ್ಮನ್ ಹಡಗೂ ಅದರ ಜೊತೆಗಿದ್ದ ಇತರ ಮೂರೂ ಹೊತ್ತಿ ಉರಿದು ಮುಳುಗಿದವು. ಪೋರ್ಚುಗೀಸರ ತಟಸ್ಥ ನೆಲದಲ್ಲಿ ನಡೆದ ಇದರ ಹಿಂದೆ ಬ್ರಿಟಿಷ್ ಗುಪ್ತ ದಳವಿದೆಯೆಂದು ಹೇಳಿದ್ದರೆ ಆಗ ಅದೂ ಗಾಳಿಸುದ್ದಿಯೇ. ಕಲ್ಕತ್ತೆಯ ಹವ್ಯಾಸಿ ಅಶ್ವದಳದ ನಡುವಯಸ್ಸಿನ ಸದಸ್ಯರು ನಾಗರಿಕ ವೇಷದಲ್ಲಿ ಬಂದು ಆ ಹಡಗಿನ ಗುಪ್ತ ರೇಡಿಯೊವನ್ನು ಅಡಗಿಸಲು ದಾಳಿ ಮಾಡಿದ್ದರೆಂಬುದು 1978ರಲ್ಲಿ ಜೇಮ್ಸ್ ಲೀಸರ್ ಬರೆದ ಪುಸ್ತಕದಿಂದ ಲೋಕಕ್ಕೆ ತಿಳಿಯಿತು. ಆದ್ದರಿಂದ 1944ರಲ್ಲಿ ಮುಂಬಯಿಯವರು ಗುಪ್ತ ಕೈಯನ್ನು ಶಂಕಿಸಿದಾಗ, ಅಂಥ ಕೈ ಪಶ್ಚಿಮ ಕರಾವಳಿಯಲ್ಲಿ ಹಿಂದಿನ ವರ್ಷವಷ್ಟೇ ಕೆಲಸ ಮಾಡಿತ್ತು. ಅವರು ತಪ್ಪಿದ್ದು ಈ ಒಂದು ಸಂದರ್ಭದ ಮಟ್ಟಿಗೆ ಮಾತ್ರ.

2020ರ ಆಗಸ್ಟ್ 4ರಂದು ಲೆಬನಾನಿನ ಬೈರೂತ್ ಬಂದರಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತಾಗ ಊಹೆಗಳಿಗೆ ಮೊಬೈಲಿನ ವೇಗ ಬಂದಿತ್ತು. ನಾಯಿಕೊಡೆಯಂತೆ ಎದ್ದ ಬಿಳಿ ಮೋಡವನ್ನು ಕಂಡವರು ಅಣುಬಾಂಬು ಎಂದರು, ಕ್ಷಿಪಣಿಯೊಂದು ಬೀಳುವಂತೆ ತಿದ್ದಿದ ವಿಡಿಯೊ ಹರಿದಾಡಿತು, ಅಮೆರಿಕದ ಅಧ್ಯಕ್ಷ ಟ್ರಂಪ್ ಸಹ ಅದನ್ನು ದಾಳಿ ಎಂದುಬಿಟ್ಟರು. ಆ ಬಿಳಿ ಮೋಡ ಹೊಗೆಯಲ್ಲ. ಆಘಾತದ ಅಲೆಯ ಹಿಂದೆ ಒತ್ತಡ ಇಳಿದು ಗಾಳಿ ತಣ್ಣಗಾದಾಗ ಕಡಲತೀರದ ತೇವ ಕ್ಷಣಕಾಲ ಮಂಜಾಗಿ ಕಂಡದ್ದು. ನಿಜವಾದ ಸುಳಿವು ಇದ್ದದ್ದು ಅದರ ನಂತರದ ಕೆಂಗಂದು ಹೊಗೆಯಲ್ಲಿ: ಅಮೋನಿಯಂ ನೈಟ್ರೇಟ್ ಒಡೆದಾಗ ಹೊಮ್ಮುವ ನೈಟ್ರೋಜನ್ ಡೈಆಕ್ಸೈಡಿನ ಬಣ್ಣ ಅದು. ಅಮೋನಿಯಂ ನೈಟ್ರೇಟನ್ನು ಕನ್ನಡದ ಸುದ್ದಿಗಳಲ್ಲಿ ಬರಿದೇ 'ಗೊಬ್ಬರ' ಎಂದು ಬರೆದದ್ದುಂಟು. ತೋಟಗಳಿಗೆ ಹಾಕುವ ಯೂರಿಯ ಬೇರೆಯೇ ವಸ್ತು, ಮೂಟೆ ಯೂರಿಯ ಮನೆಯಲ್ಲಿಟ್ಟ ಕೃಷಿಕ ಬೈರೂತಿನ ಕಾರಣಕ್ಕೆ ಹೆದರಬೇಕಾಗಿಲ್ಲ. ಅದೇ ತಿಂಗಳು, ಚೆನ್ನೈನಲ್ಲಿ ಕಸ್ಟಮ್ಸ್ ಇಲಾಖೆ 2015ರಲ್ಲಿ ವಶಪಡಿಸಿಕೊಂಡಿದ್ದ ಸುಮಾರು 740 ಟನ್ ಅಮೋನಿಯಂ ನೈಟ್ರೇಟ್ ಹಾಗೆಯೇ ಉಳಿದಿರುವುದು ಬೆಳಕಿಗೆ ಬಂದು ಅದನ್ನು ಹೈದರಾಬಾದಿಗೆ ಸಾಗಿಸಲಾಯಿತು. ಬೈರೂತಿನಲ್ಲಿ ಕಿಡಿ ಎಲ್ಲಿಂದ ಬಂತೆಂದು ಲೋಕ ಕೇಳುತ್ತಿದ್ದಾಗ, ಚೆನ್ನೈನಲ್ಲಿ, ಮದ್ದು ಅಲ್ಲೇಕಿದೆ ಎಂಬ ಎರಡನೆಯ ಪ್ರಶ್ನೆ ಕೇಳಲ್ಪಟ್ಟಿತು.

ಕಡಲಿನ ಇಂಥ ಪ್ರಶ್ನೆಗಳು ಮಂಗಳೂರಿಗೂ ಬಂದಿವೆ. 2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ 'ವಾನ್ ಹೈ 503' ಎಂಬ ಕಂಟೇನರ್ ಹಡಗಿನಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿದಾಗ, 22 ಸಿಬ್ಬಂದಿಯಲ್ಲಿ ಬದುಕುಳಿದ 18 ಮಂದಿಯನ್ನು ನೌಕಾಪಡೆಯ ಹಡಗು ಮಂಗಳೂರಿನ ಪಣಂಬೂರು ಬಂದರಿಗೆ ತಂದಿತು.

ಒಳನಾಡಿನ ಸದ್ದುಗಳು

ಬಂದರಿಲ್ಲದ ಕಡೆಗಳಲ್ಲಿಯೂ ಈ ರೂಢಿ ಹಾಗೆಯೇ ಕಾಣುತ್ತದೆ. 2021ರ ಜನವರಿ 21ರ ರಾತ್ರಿ ಸುಮಾರು ಹತ್ತೂಕಾಲಿಗೆ ಶಿವಮೊಗ್ಗ, ಭದ್ರಾವತಿ, ಚಿಕ್ಕಮಗಳೂರು, ದಾವಣಗೆರೆ ಸುತ್ತಿನ ಜನರು ನೆಲ ನಡುಗಿ ಮನೆಯಿಂದ ಹೊರಗೆ ಓಡಿದರು, ಎಲ್ಲರ ಬಾಯಲ್ಲೂ ಭೂಕಂಪದ ಮಾತು. ಭೂಕಂಪಮಾಪಕಗಳಲ್ಲಿ ಭೂಕಂಪ ಸಿಗದೆ ಹುಡುಕಿದಾಗ, ಶಿವಮೊಗ್ಗದ ಹೊರವಲಯದ ಹುಣಸೋಡಿನ ಕಲ್ಲುಕೋರೆಯ ಬಳಿ ಜಿಲೆಟಿನ್ ಕಡ್ಡಿಗಳನ್ನು ತುಂಬಿದ್ದ ಲಾರಿ ಸಿಡಿದು ಕನಿಷ್ಠ ಐವರು ಸತ್ತಿದ್ದರು. ಮುಂದಿನ ತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಅಂಥದೇ ಸ್ಫೋಟಕಕ್ಕೆ ಆರು ಮಂದಿ ಬಲಿಯಾದರು.

ಸುಳ್ಯದಲ್ಲಿ ನಡೆದದ್ದು ಇದರ ತಿರುಗುಮುರುಗು. ಮಾಣಿ ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ರಸ್ತೆ ಕವಲೊಡೆಯುವ ಜಾಲ್ಸೂರಿನಿಂದ ಹಿಡಿದು ಸಂಪಾಜೆಯ ಘಟ್ಟದ ಬುಡದವರೆಗಿನ ಜನರ ಕಿವಿ ದೊಡ್ಡ ಸದ್ದುಗಳಿಗೆ ಹೊಸದಲ್ಲ. ಕರಿಕಲ್ಲಿನ ಕೋರೆಯಲ್ಲಿ ಬಂಡೆ ಒಡೆಯುವ ಸದ್ದು, ಜಾತ್ರೆಯ ಕದೋನಿ, ಮದುವೆಯ ಗರ್ನಾಲು, ತುಲಾಮಾಸದ ಸಿಡಿಲು, ಪ್ರತಿಯೊಂದಕ್ಕೂ ಹೊತ್ತುಗೊತ್ತು ಇದೆ, ಕೇಳಿದವರು ಇಂಥದೆಂದು ಹೇಳಬಲ್ಲರು. 2022ರ ಜೂನ್ 25ರ ಬೆಳಿಗ್ಗೆ ಬಂದ ಸದ್ದು ಆ ಯಾವ ಲೆಕ್ಕಕ್ಕೂ ಸಿಗಲಿಲ್ಲ: ನೆಲದಡಿಯಿಂದ ಗುಡುಗಿದಂತಾಗಿ, ಅಟ್ಟದ ಪಾತ್ರೆಗಳು ಅಲುಗಿ, ಕೆಲವು ಗೋಡೆಗಳಲ್ಲಿ ಬಿರುಕು ಕಾಣಿಸಿತು. ಮೊದಲ ಶಂಕೆ ಹೋದದ್ದು ಕೋರೆಗಳತ್ತ, ಎರಡನೆಯದು ಗುಡ್ಡ ಜರಿಯಿತೇ ಎಂಬತ್ತ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದದ್ದನ್ನು ಕಂಡವರಿಗೆ ಮಳೆಗಾಲದ ಸದ್ದಿನ ಅರ್ಥವೇ ಬದಲಾಗಿತ್ತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳು ಜೂನ್ 25ರ ಸದ್ದನ್ನು 2.3 ತೀವ್ರತೆಯ ಭೂಕಂಪವೆಂದು ತೋರಿಸಿದವು. ಜೂನ್ 28ರ ಬೆಳಿಗ್ಗೆ 7.45ಕ್ಕೆ ಕೊಡಗಿನ ಚೆಂಬು ಗ್ರಾಮದ ಬಳಿ ಕೇಂದ್ರವಿದ್ದ 3.0 ತೀವ್ರತೆಯ ಇನ್ನೊಂದು ನಡುಕ ಬಂತು, ಜುಲೈಯಲ್ಲಿಯೂ ಸಣ್ಣ ನಡುಕಗಳು ಮುಂದುವರಿದವು.

ಕೋರೆಯ ಸ್ಫೋಟವನ್ನೂ ಭೂಕಂಪವನ್ನೂ ಯಂತ್ರ ಗುರುತಿಸುವ ಬಗೆ ಸರಳ. ಮದ್ದು ಸಿಡಿದಾಗ ನೆಲ ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳಲ್ಪಡುವುದರಿಂದ ಸುತ್ತಲಿನ ಎಲ್ಲ ಮಾಪಕಗಳಲ್ಲಿ ಮೊದಲ ಗೆರೆ ಮೇಲಕ್ಕೇ ಏಳುತ್ತದೆ. ಭೂಕಂಪದಲ್ಲಿ ಬಂಡೆ ಬಿರುಕಿನ ಉದ್ದಕ್ಕೂ ಸರಿಯುವುದರಿಂದ ಒಂದು ಬದಿಯ ಮಾಪಕ ತಳ್ಳುವಿಕೆಯನ್ನೂ ಇನ್ನೊಂದು ಬದಿಯದು ಎಳೆತವನ್ನೂ ಬರೆಯುತ್ತದೆ, ಮೊದಲ ಅಲೆಯ ಹಿಂದೆ ಬರುವ ಅಡ್ಡ ಅಲೆಯೂ ಬಲವಾಗಿರುತ್ತದೆ. ಹುಣಸೋಡಿನಲ್ಲಿ ಭೂಕಂಪವೆಂದು ಓಡಿದವರಿಗೆ ಕೋರೆಯ ಮದ್ದು ಸಿಕ್ಕಿತು, ಸುಳ್ಯದಲ್ಲಿ ಕೋರೆಯ ಮದ್ದೆಂದು ಬಗೆದವರಿಗೆ ಭೂಕಂಪ ಸಿಕ್ಕಿತು. ಮಾಪಕದ ಅಂಕಿಗಳು ಹೊರಬಿದ್ದ ಮೇಲೂ ತಾಲೂಕಿನ ಕೆಲವು ಊರುಗಳಲ್ಲಿ ಕೋರೆಗಳ ಪರವಾನಗಿಯ ಚರ್ಚೆ ನಿಲ್ಲಲಿಲ್ಲ. ಎಲ್ಲಿ ಎಷ್ಟು ಮದ್ದು ದಾಸ್ತಾನಿದೆ, ಯಾರ ಕಾವಲಿನಲ್ಲಿದೆ ಎಂಬ ಆ ಚರ್ಚೆ ಭೂಕಂಪಕ್ಕೆ ಸಂಬಂಧಿಸಿದ್ದಲ್ಲವಾದರೂ, ಹುಣಸೋಡಿನ ಮರುವರ್ಷ ಅದನ್ನು ಅನಗತ್ಯವೆನ್ನುವಂತಿರಲಿಲ್ಲ.